ಅರೇಹಳ್ಳಿಯ ಪ್ಯಾನೆಲ್ಲಿಗೆ ಬಣ್ಣ ತಿರುಗಿದ್ದು

ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಮದುವೆ ಮನೆಗಳಲ್ಲಿ ಊಟ ಮುಗಿಸಿ ಕೈ ತೊಳೆಯುವ ಕಡೆ ಯಾರಾದರೊಬ್ಬರು ನನ್ನನ್ನು ಹಿಡಿದು, ನಮ್ಮನೆ ಸೋಲಾರ್ ಪ್ಯಾನೆಲ್ಲು ಯಾಕೋ ಬಣ್ಣ ತಿರುಗಿದೆ, ಏನು ಮಾಡೋದು ಅಂತ ಕೇಳದೆ ಬಿಡುವುದಿಲ್ಲ. ಕೈ ಒದ್ದೆ ಇರುವಾಗಲೇ ಉತ್ತರ ಹೇಳಿ ಕಳಿಸುತ್ತೇನೆ. ಆದರೆ ಬಣ್ಣ ತಿರುಗಿದ ಪ್ಯಾನೆಲ್ಲು ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮನಸ್ಸು ಎದ್ದು ಹೋಗಿ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಡುತ್ತದೆ.

ಆಗಿನ್ನೂ ನಮ್ಮ ಕಡೆಗೆ ಮೊಬೈಲು ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿದ್ದ ಕಾಲ. ಅರಸೀಕೆರೆಯ ಒಂದು ಸೋಲಾರ್ ಅಂಗಡಿಯಲ್ಲಿ ನಾನು ಮೆಕ್ಯಾನಿಕ್ಕು. ಮನೆ ಮೇಲೆ ಒಂದು ಪ್ಯಾನೆಲ್ಲು, ಒಳಗೊಂದು ಬ್ಯಾಟರಿ, ಮೂರೋ ನಾಲ್ಕೋ ದೀಪ. ಇಷ್ಟೇ ನಮ್ಮ ವ್ಯಾಪಾರ. ಹಳೇಬೀಡು, ಬೇಲೂರಿನವರೆಗೂ ಗಿರಾಕಿಗಳಿದ್ದರು. ಎಲ್ಲಿಂದ ಕಂಪ್ಲೇಂಟು ಬಂದರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ನಾನು ಬಸ್ಸು ಹತ್ತಬೇಕು.

ಆ ವರ್ಷವೇ ನನ್ನ ಮದುವೆಯಾಯಿತು. ಬುದ್ಧನ ಫೋಟೋ ಮುಂದೆ ಮೇಣದಬತ್ತಿ ಹಚ್ಚಿ, ಹಿರಿಯರ ಎದುರಿಗೆ ಹಾರ ಬದಲಾಯಿಸಿಕೊಂಡ ಸರಳ ಮದುವೆ. ಮನೆಗೆ ಕಟ್ಟಿದ್ದ ಮಾವಿನ ತೋರಣ ಪೂರ್ತಿ ಒಣಗುವ ಮೊದಲೇ ನನ್ನ ಹೆಂಡತಿಗೆ ಟೀಚರ್ ಕೆಲಸದ ಆರ್ಡರು ಬಂತು. ನಮ್ಮ ಎರಡೂ ಮನೆಗಳಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳೇ. ಎಲ್ಲರೂ ಸಿಹಿ ಹಂಚಿದರು. ಊರು ಯಾವುದು ಅಂತ ನಾನು ಓದಿ ನೋಡಿದ್ದು ಸಿಹಿ ತಿಂದಾದ ಮೇಲೆ. ಬೇಲೂರಿನಿಂದಲೂ ಆಚೆ, ಅರೇಹಳ್ಳಿ.

ಅಲ್ಲಿ ಅವಳಿಗೊಂದು ರೂಮು ಹುಡುಕುವುದಕ್ಕೆ ಇಬ್ಬರೂ ಹೋದೆವು. ಕೆಲವು ಮನೆಗಳಲ್ಲಿ ಹೆಸರು ಕೇಳಿದರು, ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಆಮೇಲೆ ರೂಮು ಬೇರೆಯವರಿಗೆ ಮಾತಾಗಿದೆ ಅಂದರು. ಕೊನೆಗೆ ಬಸ್ಸು ನಿಲ್ಲುವ ಕಡೆ ಸಣ್ಣ ಹೋಟೆಲ್ ನಡೆಸುತ್ತಿದ್ದ ಒಬ್ಬ ಹೆಂಗಸು ತಮ್ಮ ಹಿತ್ತಲಿನ ರೂಮು ತೋರಿಸಿದರು. ಅವರು ನನ್ನ ಹೆಂಡತಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಇಡ್ಲಿ ತಿಂತೀಯೋ, ಅಕ್ಕಿರೊಟ್ಟಿ ತಿಂತೀಯೋ?" ಊರವರಿಗೆಲ್ಲ ಅವರು ಹೋಟೆಲಮ್ಮ. ನಮಗೂ ಹಾಗೇ ಆದರು.

ಹೆಂಡತಿ ಕತ್ತಲಲ್ಲಿ ಕೂರಬಾರದು ಅಂತ ನಮ್ಮ ಅಂಗಡಿ ಯಜಮಾನರನ್ನು ಒಪ್ಪಿಸಿ ಆ ಮನೆಗೆ ನಾನೇ ಸೋಲಾರ್ ಹಾಕಿಕೊಟ್ಟೆ. ಬಚ್ಚಲುಮನೆಯ ತಾರಸಿ ತಗ್ಗಾಗಿತ್ತು, ಅದರ ಮೇಲೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಪ್ಯಾನೆಲ್ಲು ಕೂರಿಸಿದೆ. ಇಡೀ ತಾಲ್ಲೂಕಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಇನ್ನೊಂದು ಕಡೆ ಕೆಲಸ ಮಾಡಿಲ್ಲ. ಅಲ್ಲೇ ನಾನು ಎಡವಿದ್ದು. ಯಜಮಾನರ ನಿಯಮ ಏನೆಂದರೆ, ಕಂಪ್ಲೇಂಟು ಇಲ್ಲದ ಊರಿಗೆ ಹೋಗುವ ಹಾಗಿಲ್ಲ. ಭಾನುವಾರವೂ ಅಂಗಡಿ ತೆರೆದಿರುತ್ತಿತ್ತು. ಅರೇಹಳ್ಳಿ ಕಡೆ ನಮಗಿದ್ದದ್ದು ಅದೊಂದೇ ಪ್ಯಾನೆಲ್ಲು, ಅದು ಕೆಡುತ್ತಲೇ ಇರಲಿಲ್ಲ.

ಕಣಕಟ್ಟೆಯ ಅಜ್ಜಿ

ಕಣಕಟ್ಟೆಯಲ್ಲಿ ಒಂದು ತೆಂಗಿನ ತೋಟದ ಮನೆ. ಪ್ಯಾನೆಲ್ಲು ಹಾಕಿ ಒಂದು ಬೇಸಿಗೆ ಕಳೆದಿತ್ತು ಅಷ್ಟೆ, ನೀಲಿ ಬಣ್ಣದ್ದು ಬೂದಿ ಬಳಿದ ಹಾಗೆ ಬೆಳ್ಳಗಾಗಿದೆ, ದೀಪ ಮಂಕಾಗಿದೆ ಅಂತ ಕಂಪ್ಲೇಂಟು. ಹತ್ತಿ ನೋಡಿದೆ. ಗಾಜಿನ ಮೇಲೆ ಸುಣ್ಣದ ಪದರ. ಕೊಳವೆಬಾವಿಯ ಗಡಸು ನೀರು ಬಿದ್ದು ಬಿದ್ದು ಒಣಗಿದರೆ ಹಾಗಾಗುತ್ತದೆ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವುದಿಲ್ಲವೇ, ಹಾಗೆ. ಆದರೆ ಮಾಳಿಗೆ ಮೇಲೆ ಕೊಳವೆಬಾವಿ ನೀರು ಹೇಗೆ ಬಂತು?

ಮನೆಯ ಅಜ್ಜಿಯನ್ನು ಕೇಳಿದರೆ ಸಂಗತಿ ಹೊರಗೆ ಬಂತು. ದಿನಾ ನಡು ಮಧ್ಯಾಹ್ನ ಅವರೇ ಒಂದು ಕೊಡ ನೀರು ಹೊತ್ತುಕೊಂಡು ಹತ್ತಿ ಪ್ಯಾನೆಲ್ಲಿನ ಮೇಲೆ ಹುಯ್ಯುತ್ತಿದ್ದರಂತೆ. ಪಾಪ, ಮನೆಗೆಲ್ಲ ಬೆಳಕು ಕೊಡೋದು ಬಿಸಿಲಲ್ಲಿ ಬೇಯ್ತಾ ಬಿದ್ದಿರುತ್ತೆ, ಸ್ವಲ್ಪ ತಣ್ಣಗಾಗಲಿ ಅಂತ.

ಬಿಸಿಲಲ್ಲಿ ಬೇಯುವುದೇ ಅದರ ಕೆಲಸ, ಕಾದ ಗಾಜಿಗೆ ತಣ್ಣೀರು ಹುಯ್ದರೆ ಒಡೆದರೂ ಒಡೀಬಹುದು ಅಂತ ಬಿಡಿಸಿ ಹೇಳಿ, ಹುಣಸೆಹಣ್ಣು ಕಿವುಚಿ ತರಿಸಿಕೊಂಡು ಉಜ್ಜಲು ಕೂತೆ. ಅಜ್ಜಿ ಪಕ್ಕದಲ್ಲೇ ಕೂತು ವಿಚಾರಿಸತೊಡಗಿದರು. ಮದುವೆ ಆಗೈತಾ? ಆಗಿದೆ. ಹೆಂಡತಿ ಎಲ್ಲವಳೆ? ಅರೇಹಳ್ಳಿಯಲ್ಲಿ. ನೀನು? ಅರಸೀಕೆರೆಯಲ್ಲಿ. ಇದಕ್ಕೆ ಎಷ್ಟು ದಿನಕ್ಕೊಂದು ಸಲ ಬಂದು ಒರೆಸಬೇಕು? ಮೂರು ತಿಂಗಳಿಗೊಂದು ಸಲ ಬಂದರೆ ಸಾಕು ಅಜ್ಜಿ ಅಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿ ಕೇಳಿದರು. "ಹೆಂಡ್ತಿ ಕಡೀಕೂ ಇದೇ ಲೆಕ್ಕನೇನಪ್ಪ?"

ಕ್ಷೌರದಂಗಡಿಯ ಕನ್ನಡಿ

ಹಳೇಬೀಡಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರೊಬ್ಬರು ಬಸ್ತಿಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದರು. ಅವರ ಪ್ಯಾನೆಲ್ಲು ನಡುವೆ ಹಳದಿ, ಅಲ್ಲಲ್ಲಿ ಕಂದು. ಒರೆಸಿದರೆ ಹೋಗದು. ಉಗುರಲ್ಲಿ ಕೆರೆದರೂ ಇಲ್ಲ. ಕಲೆ ಇದ್ದದ್ದು ಗಾಜಿನ ಒಳಗೆ.

ಗಾಜಿಗೂ ಅದರ ಕೆಳಗಿನ ನೀಲಿ ಬಿಲ್ಲೆಗಳಿಗೂ ನಡುವೆ ತೆಳ್ಳನೆ ಪ್ಲಾಸ್ಟಿಕ್ ಪದರ ಇರುತ್ತದೆ. ಎರಡನ್ನೂ ಅಂಟಿಸಿ ಹಿಡಿದಿರುವುದು ಅದೇ. ವರ್ಷಗಟ್ಟಲೆ ಬಿಸಿಲಿಗೆ ಕಾದು ಕಾದು ಅದು ಹಳದಿಯಾಗುತ್ತದೆ, ಕಿಟಕಿಯಲ್ಲಿ ಬಿಟ್ಟ ಪೇಪರಿನ ಹಾಗೆ. ಆದರೆ ಅದಕ್ಕೆ ಬಹಳ ಕಾಲ ಬೇಕು. ಇವರದ್ದು ಇಷ್ಟು ಬೇಗ ಯಾಕೆ ಅಂತ ಸುತ್ತ ನೋಡಿದರೆ, ಪ್ಯಾನೆಲ್ಲಿನ ಎರಡೂ ಬದಿಗೆ ಆಳೆತ್ತರದ ಕನ್ನಡಿ ಓರೆಯಾಗಿ ನಿಲ್ಲಿಸಿದ್ದರು. ಅಂಗಡಿಗೆ ಹೊಸ ಕನ್ನಡಿ ತಂದಾಗ ಹಳೆಯದನ್ನು ಮಾಳಿಗೆ ಹತ್ತಿಸಿದ್ದರಂತೆ. ಒಂದು ಸೂರ್ಯನಿಗೆ ಇಷ್ಟು ಬೆಳಕಾದರೆ ಮೂರು ಸೂರ್ಯನಿಗೆ ಎಷ್ಟು ಅನ್ನುವುದು ಅವರ ಲೆಕ್ಕ.

ಆ ಲೆಕ್ಕ ಬಿಡಿಸಿ, ಕನ್ನಡಿ ಇಳಿಸಿ, ಒಳಗಿನ ಕಲೆ ಇನ್ನು ಹೋಗುವುದಿಲ್ಲ ಅಂತ ಒಪ್ಪಿಸುವ ಹೊತ್ತಿಗೆ ಸಂಜೆಯಾಯಿತು. ಬೆಳಿಗ್ಗೆ ಬರುವಾಗ, ಕೆಲಸ ಬೇಗ ಮುಗಿದರೆ ಬೇಲೂರಿಗೆ ಹೋಗಿ ಅರೇಹಳ್ಳಿ ಬಸ್ಸು ಹಿಡಿಯೋಣ, ಮುಖ ನೋಡಿಕೊಂಡು ಬೆಳಗಿನ ಮೊದಲ ಬಸ್ಸಿಗೆ ವಾಪಸ್ಸು ಬರೋಣ ಅಂತ ಅಂದುಕೊಂಡಿದ್ದೆ. ಬ್ಯಾಗಿನಲ್ಲಿ ಅವಳಿಗೆ ಅಂತ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಇತ್ತು. ಮಾಳಿಗೆ ಮೇಲೆ ನಿಂತಿದ್ದಂತೆಯೇ ಬೇಲೂರು ಬಸ್ಸು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದು ಕಾಣಿಸಿತು. ಕೈಯಲ್ಲಿ ಹಿಡಿದಿದ್ದ ಕನ್ನಡಿಯಲ್ಲಿ ಇನ್ನೊಂದು ಸಲ ಹೋಯಿತು.

ಅವರು ಮಾತ್ರ ಆ ಕನ್ನಡಿಯನ್ನೇ ಅನುಮಾನದಿಂದ ನೋಡುತ್ತಾ ನಿಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಇದರ ಮುಂದೆ ನಾನು ಇಪ್ಪತ್ತು ವರ್ಷ ನಿಂತಿದೀನಿ ಸಾರ್. ವಯಸ್ಸಾಯ್ತು ಅಂತ ಸುಮ್ನೆ ಕೊರಗ್ತಾ ಇದ್ದೆ."

ಎರಡು ಕೋಟು

ಬೇಲೂರಿನ ಒಂದು ಮನೆಯಲ್ಲಿ ಪ್ಯಾನೆಲ್ಲು ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಮಗಳ ಮದುವೆಗೆ ಮನೆಗೆಲ್ಲ ಬಣ್ಣ ಹೊಡೆಸಿದ್ದರು. ಎದುರು ಮನೆಯ ಪೇಂಟರೇ ಹೊಡೆದದ್ದು. ಬಾಗಿಲು ಕಿಟಕಿಗೆ ವಾರ್ನಿಷ್ ಹಚ್ಚಿ ಉಳಿದದ್ದನ್ನು, ಪಾಪ ಮಳೆಯಲ್ಲಿ ನೆನೆಯುತ್ತದಲ್ಲ ಅಂತ ಪ್ಯಾನೆಲ್ಲಿಗೂ ಎರಡು ಕೋಟು ಹಚ್ಚಿಬಿಟ್ಟಿದ್ದರು. ಆಗ ಫಳಫಳ ಅಂತಿತ್ತಂತೆ, ನೆಂಟರೆಲ್ಲ ಹೊಗಳಿದರಂತೆ. ಬೇಸಿಗೆಯ ಬಿಸಿಲಿಗೆ ವಾರ್ನಿಷ್ ಹಳದಿಯಾಗಿ ಬಿರುಕು ಬಿಟ್ಟಿತ್ತು.

ಬ್ಲೇಡು ಹಿಡಿದು ಇಷ್ಟಿಷ್ಟೇ ಕೆರೆಯುತ್ತಾ ಕೂತೆ. ಪೇಂಟರಿಗೆ ಪಾಪಪ್ರಜ್ಞೆ. ಅವರೂ ಬಂದು ಕೂತು ಕೆರೆದರು. ಕೆಲಸ ಮಾಡುತ್ತಾ ನನ್ನ ಕಥೆಯೆಲ್ಲ ಅವರಿಗೆ ಹೇಳಿಕೊಂಡೆ. ಯಾರಿಗೂ ಅಷ್ಟು ಹೇಳಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅವರೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ನಾವು ಒಳಗೆ ಕಾಲಿಡುತ್ತಿದ್ದಂತೆ ಅರೇಹಳ್ಳಿ ಬಸ್ಸು ಹೊರಗೆ ಹೊರಟಿತು. ಕೂಗಿದೆ, ಸ್ವಲ್ಪ ದೂರ ಓಡಿದೆ. ಅದರ ಹಿಂದಿನ ಗಾಜಿನಲ್ಲಿ ಯಾರೋ ಒಬ್ಬಳು ಹೆಂಗಸು ನಿದ್ದೆ ಮಾಡುತ್ತಾ ಕೂತಿದ್ದಳು. ಅವಳಿಗೆ ಅಲ್ಲಿ ಯಾವ ಕೆಲಸವಿತ್ತೋ ಏನೋ, ಆರಾಮಾಗಿ ಹೋಗುತ್ತಿದ್ದಾಳಲ್ಲ ಅಂತ ಹೊಟ್ಟೆಕಿಚ್ಚಾಯಿತು. ಅರಸೀಕೆರೆ ಬಸ್ಸು ಬರುವವರೆಗೂ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ.

ಪೇಂಟರು ಸೈಕಲ್ ಸ್ಟ್ಯಾಂಡು ಹಾಕಿ ಪಕ್ಕದಲ್ಲೇ ಕೂತರು. ನನ್ನ ಬೆನ್ನು ತಟ್ಟಿ, "ಬೇಜಾರ್ ಮಾಡ್ಕೋಬೇಡಿ ಸಾರ್," ಅಂದರು. "ಮುಂದಿನ ವಾರ ಇನ್ನೊಂದು ಕೋಟು ಹೊಡೆದಿರ್ತೀನಿ, ಬನ್ನಿ."

ಫೋನು

ಭಾನುವಾರ ಬೆಳಿಗ್ಗೆ ಅವಳು ಅರೇಹಳ್ಳಿಯ ಎಸ್‌ಟಿಡಿ ಬೂತಿಗೆ ಬಂದು ಕೂರುತ್ತಿದ್ದಳು, ನಾನು ಅರಸೀಕೆರೆಯ ಬೂತಿನಿಂದ ಮಾಡುತ್ತಿದ್ದೆ. ಹೊಸದಾಗಿ ಮದುವೆಯಾದವರು ಬೂತಿನಲ್ಲಿ ನಿಂತು ಮಾತಾಡುವುದು ಹೇಗೆ? ನನ್ನ ಬೆನ್ನ ಹಿಂದೆ ಜನ ಕಾಯುತ್ತಿದ್ದರು, ಅವಳ ಎದುರಿಗೆ ಅವಳದೇ ಶಾಲೆಯ ಮಕ್ಕಳ ಅಪ್ಪಂದಿರು. ಊಟ ಆಯ್ತಾ? ಆಯ್ತು. ಮಳೆ ಬಂತಾ? ಬಂತು. ಆಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಲೈನಿನಲ್ಲಿ ಗೊರಗೊರ ಶಬ್ದ. ಆ ಶಬ್ದದ ಹಿಂದೆ ಅವಳ ಉಸಿರು ಕೇಳಿಸುತ್ತಿದೆ ಅಂತ ನನಗೆ ಅನ್ನಿಸುತ್ತಿತ್ತು. ಅದನ್ನೇ ಕೇಳುತ್ತಾ ನಿಂತಿರುತ್ತಿದ್ದೆ.

ಫೋನು ಇಡುವ ಮೊದಲು ಮಾತ್ರ ಪ್ರತಿ ವಾರವೂ ಕೇಳುತ್ತಿದ್ದೆ. ಪ್ಯಾನೆಲ್ಲು ಹೇಗಿದೆ? ಚೆನ್ನಾಗಿದೆ ರೀ. ಬಣ್ಣ ಗಿಣ್ಣ ಏನೂ ತಿರುಗಿಲ್ಲವಾ? ಇಲ್ಲ ರೀ. ಸರಿಯಾಗಿ ನೋಡು. ನೋಡಿದೆ, ಹಾಗೇ ಇದೆ. ಸರಿ ಅಂತ ಫೋನಿಟ್ಟು, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದೆ. ನಾನೇ ಮಾಡಿದ ಕೆಲಸದ ಮೇಲೆ ನನಗೇ ಸಿಟ್ಟು.

ಬೂತಿನ ಯುವಕ ಇದನ್ನು ವಾರ ವಾರವೂ ಕೇಳಿಸಿಕೊಳ್ಳುತ್ತಿದ್ದ. ಒಂದು ಭಾನುವಾರ ಯಾರೂ ಇಲ್ಲದಾಗ ಹತ್ತಿರ ಬಂದು ದನಿ ತಗ್ಗಿಸಿ, ಹಾಸನದಲ್ಲಿ ಒಬ್ಬರು ಒಳ್ಳೆ ಲೇಡಿ ಡಾಕ್ಟರಿದ್ದಾರೆ, ಒಂದು ಸಲ ತೋರಿಸಿ ಸಾರ್ ಅಂದ. ನನಗೆ ಅರ್ಥವಾಗಲಿಲ್ಲ. ಯಾಕಪ್ಪ ಅಂದೆ.

"ಅಲ್ಲ, ಪ್ಯಾನೆಲ್ಲು ಅಂತ ಮರೆಮಾಚಿ ಪ್ರತಿ ವಾರ ಕೇಳ್ತೀರಿ, ಇನ್ನೂ ಏನೂ ಸುದ್ದಿ ಇಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು ಹೋಗ್ತೀರಲ್ಲ."

ಹೋಟೆಲಮ್ಮ

ಮಳೆಗಾಲ ಕಳೆದ ಮೇಲೆ ಒಂದು ದಿನ ಅಂಗಡಿಗೆ ಫೋನು ಬಂತು. ಯಜಮಾನರು ಮಾತಾಡಿ ಇಟ್ಟು, ಅರೇಹಳ್ಳಿ ಹೋಟೆಲಮ್ಮನ ಪ್ಯಾನೆಲ್ಲು ಹಸಿರಾಗಿದೆಯಂತೆ, ಹೋಗಿ ನೋಡಿಕೊಂಡು ಬಾ ಅಂದರು. ಆ ದಿನ ನಾನು ಬಸ್ಸಿನಲ್ಲಿ ಕೂರಲಿಲ್ಲ, ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತು ಹೋದೆ.

ಅದು ನಿಜವಾದ ಪಾಚಿ. ಹಲಸಿನ ಕೊಂಬೆಯೊಂದು ಬೆಳೆದು ನೆರಳು ಮಾಡಿತ್ತು, ಕೆಳ ಅಂಚಿನಲ್ಲಿ ನೀರು ನಿಂತು ಹಸಿರು ಕಟ್ಟಿತ್ತು. ಶಾಲೆಯಿಂದ ಬಂದ ನನ್ನ ಹೆಂಡತಿ ತಾರಸಿ ಮೇಲೆ ನನ್ನನ್ನು ಕಂಡು, ಕೈಯಲ್ಲಿದ್ದ ಕೊಡೆಯನ್ನು ಮಡಿಸುವುದೂ ಮರೆತು ಹಾಗೇ ನಿಂತುಬಿಟ್ಟಳು. ಒರೆಸುವ ಕೆಲಸ ಸ್ವಲ್ಪ ಹೊತ್ತಿನದು. ನಾನು ಎರಡು ದಿನ ಒರೆಸಿದೆ. ಹೋಟೆಲಮ್ಮ ಕೆಳಗೆ ನಿಂತು, ಇದು ಇನ್ನೂ ಯಾವ ಯಾವ ಬಣ್ಣಕ್ಕೆ ತಿರುಗುತ್ತೆ ಅಂತ ವಿಚಾರಿಸಿದರು. ಖುಷಿಯಲ್ಲಿದ್ದ ನಾನು ಬಿಳುಪು, ಹಳದಿ, ಕಂದು ಅಂತ ಒಂದೊಂದಕ್ಕೂ ಕಾರಣ ಸಮೇತ ವಿವರಿಸಿದೆ. ಅವರು ಬಹಳ ಗಮನ ಕೊಟ್ಟು ಕೇಳಿದರು.

ಮುಂದಿನ ತಿಂಗಳು ಫೋನು ಬಂತು, ಪ್ಯಾನೆಲ್ಲು ಬೆಳ್ಳಗಾಗಿದೆ. ಹೋದೆ. ಅದರ ಮುಂದಿನ ತಿಂಗಳು, ಹಳದಿಯಾಗಿದೆ. ಹೋದೆ. ಬೆಳ್ಳಗಿದ್ದದ್ದು ಅಕ್ಕಿಹಿಟ್ಟಿನ ಹಾಗಿತ್ತು, ಹಳದಿ ಇದ್ದದ್ದು ಅರಿಸಿನದ ವಾಸನೆ ಹೊಡೆಯುತ್ತಿತ್ತು. ನನಗೆ ಗೊತ್ತಾಯಿತು, ಇದು ನನ್ನ ಹೆಂಡತಿಯದೇ ಕೆಲಸ ಅಂತ. ಕೇಳಲಿಲ್ಲ. ಕೇಳಿದರೆ ನಾಚಿಕೆಯಾಗಿ ನಿಲ್ಲಿಸಿಬಿಟ್ಟರೆ? ಅವಳೂ ನನ್ನ ಮುಖವನ್ನು ಒಂಥರಾ ನೋಡಿ ನಗುತ್ತಿದ್ದಳೇ ಹೊರತು ಏನೂ ಹೇಳಲಿಲ್ಲ.

ಕಂದು ಬಣ್ಣಕ್ಕೆ ತಿರುಗಿದೆ ಅಂತ ಫೋನು ಬಂದಾಗ ಯಜಮಾನರ ಮುಖ ಗಂಭೀರವಾಯಿತು. ನಾಲ್ಕು ತಿಂಗಳಲ್ಲಿ ನಾಲ್ಕು ಬಣ್ಣ ಅಂದರೆ ಮಾಲೇ ಸರಿಯಿಲ್ಲ, ಇಲ್ಲ ಕೂರಿಸಿದವನು ಸರಿಯಿಲ್ಲ ಅಂದರು. ಪ್ಯಾನೆಲ್ಲು ತಯಾರಿಸುವ ಕಂಪನಿಗೆ ಹೇಳಿ ಬೆಂಗಳೂರಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಮೂವರೂ ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. ಕೆಲಸ ಹೋಗುವುದು ಖಚಿತ ಅಂತ ನನಗೆ ಗೊತ್ತಾಗಿತ್ತು. ಆದರೂ, ಹೇಳಿದರೆ ನೀವು ನಗುತ್ತೀರಿ, ಅರೇಹಳ್ಳಿ ಹತ್ತಿರವಾಗುತ್ತಿದೆ ಅಂತ ಒಳಗೊಳಗೇ ಸಂತೋಷವೂ ಆಗುತ್ತಿತ್ತು.

ಭಾನುವಾರವಾದ್ದರಿಂದ ಹೆಂಡತಿ ಮನೆಯಲ್ಲೇ ಇದ್ದಳು. ಎಂಜಿನಿಯರು ಸಮಾಧಾನದ ಮನುಷ್ಯ. ತಾರಸಿ ಹತ್ತಿ, ಬೆರಳಲ್ಲಿ ಸವರಿ, ಮೂಸಿ ನೋಡಿದರು. ಇರುವೆ ಸಾಲು ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿದರು. ಆಮೇಲೆ ಒದ್ದೆ ಬಟ್ಟೆಯಿಂದ ಒಂದು ಸಲ ಎಳೆದರು. ಕೆಳಗೆ ಪ್ಯಾನೆಲ್ಲು ಹೊಸದರ ಹಾಗೆ ನೀಲಿಯಾಗಿ ಹೊಳೆಯಿತು. ಪ್ಯಾನೆಲ್ಲಿಗೆ ಏನೂ ಆಗಿಲ್ಲ, ಇದು ಬೆಲ್ಲ ಹಾಕಿದ ಕಾಫಿ ಡಿಕಾಕ್ಷನ್ನು ಅಂದರು.

ಇದು ಯಾರು ಮಾಡಿದ್ದು ಅಂತ ಯಜಮಾನರು ಕೇಳಿದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಕಷ್ಟಪಟ್ಟು ಸಿಕ್ಕಿದ ಕೆಲಸ ಅವಳದು, ಹೊಸ ಊರು, ಇಂಥ ಮಾತು ಶಾಲೆಯವರೆಗೆ ಹೋಗುವುದು ಬೇಡ ಅನ್ನಿಸಿತು.

"ನಾನೇ ಸಾರ್," ಅಂದೆ.

ಅದೇ ಹೊತ್ತಿಗೆ ಅವಳೂ, "ನಾನೇ ಸಾರ್," ಅಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಕಣ್ಣಲ್ಲಿ ನಿಜವಾದ ಆಶ್ಚರ್ಯವಿತ್ತು. ಇಷ್ಟು ದಿನವೂ ಅವಳು, ಬಂದಾಗಲೆಲ್ಲ ಹೋಗುವ ಮುಂಚೆ ನಾನೇ ಏನೋ ಸವರಿ ಹೋಗುತ್ತೇನೆ, ಮುಂದಿನ ಸಲ ಬರುವುದಕ್ಕೆ ದಾರಿ ಮಾಡಿಕೊಳ್ಳುತ್ತೇನೆ ಅಂದುಕೊಂಡಿದ್ದಳಂತೆ.

ಆಗ ಅಡುಗೆಮನೆಯಿಂದ ಎಲ್ಲರಿಗೂ ಕಾಫಿ ಹಿಡಿದುಕೊಂಡು ಹೋಟೆಲಮ್ಮ ಬಂದರು. ಲೋಟಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಇಬ್ಬರೂ ಸುಳ್ಳು ಹೇಳ್ತಾವೆ ಯಜಮಾನ್ರೇ ಅಂದರು. ಹಸಿರೊಂದು ದೇವರು ಕೊಟ್ಟಿದ್ದು, ಮಿಕ್ಕಿದ್ದೆಲ್ಲ ತಾವೇ ಈ ಕಲ್ಲು ಹತ್ತಿ ಬಳಿದದ್ದು ಅಂತ ಒಪ್ಪಿಕೊಂಡರು.

ಯಾಕಮ್ಮ ಅಂದರು ಯಜಮಾನರು.

"ಈ ಹುಡುಗಿ ಶನಿವಾರ ಆದ್ರೆ ಸಾಕು, ಬೇಲೂರು ಬಸ್ಸು ಬರೋ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತ್ಕೋತಾಳೆ. ಇಳಿದೋರನ್ನೆಲ್ಲ ನೋಡ್ತಾಳೆ. ಆಮೇಲೆ ನನಗೆ ಹಸಿವಿಲ್ಲ ಅಮ್ಮ ಅಂತ ಒಳಕ್ಕೆ ಹೋಗ್ತಾಳೆ. ನಾನು ಹೋಟೆಲ್ ಇಟ್ಟಿರೋಳು. ನನ್ನ ಮನೇಲಿ ಒಬ್ಬಳು ಉಪವಾಸ ಮಲಗಿದ್ರೆ ನಂಗೆ ನಿದ್ದೆ ಬರುತ್ತಾ?"

ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಅವಳು ಬಾಗಿಲಲ್ಲಿ ನಿಲ್ಲುವ ಸಂಗತಿ ನನಗೆ ಗೊತ್ತೇ ಇರಲಿಲ್ಲ. ನಾನು ಬೇಲೂರಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಇಬ್ಬರೂ ಮಳೆಯ ವಿಷಯ ಮಾತಾಡಿದ್ದೆವು.

ಅವಳಿಗೆ ನಮ್ಮ ಕಡೆಗೆ ವರ್ಗವಾಗಲು ಆಮೇಲೂ ಬಹಳ ದಿನ ಬೇಕಾಯಿತು. ಅಲ್ಲಿಯವರೆಗೂ ಯಜಮಾನರು ತಿಂಗಳಿಗೊಂದು ಶನಿವಾರ ಅವರಾಗಿಯೇ ನನ್ನನ್ನು ಕರೆದು, ಅರೇಹಳ್ಳಿ ಸರ್ವಿಸ್ಸು ಅಂತ ಹೇಳಿ ಕಳಿಸುತ್ತಿದ್ದರು. ಈಗ ನಾವು ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ ಇದ್ದೇವೆ. ಆದರೂ ಶಾಲೆಯಿಂದ ಅವಳು ಬರುವುದು ಸ್ವಲ್ಪ ತಡವಾದರೆ ನಾನು ಎದ್ದು ರಸ್ತೆಗೆ ಬಂದು ನಿಲ್ಲುತ್ತೇನೆ.

ಅವತ್ತು ಮಾತ್ರ ಯಜಮಾನರು ನಗು ತಡೆದುಕೊಂಡೇ ಕಾಫಿ ಮುಗಿಸಿದರು. ಜೀಪು ಹತ್ತುವಾಗ, ಇವನು ನಾಳೆ ಬರಲಿ ಅಂತ ನನ್ನನ್ನು ಅಲ್ಲೇ ಬಿಟ್ಟರು. ಆಮೇಲೆ ಹೋಟೆಲಮ್ಮನ ಕಡೆ ತಿರುಗಿ, ಇವನನ್ನ ತಿಂಗಳಿಗೊಮ್ಮೆ ಕಳಿಸ್ತೀನಿ, ಇನ್ನು ಮೇಲೆ ಪ್ಯಾನೆಲ್ಲಿಗೆ ಏನೂ ಹಚ್ಚಬೇಡಿ ತಾಯಿ ಅಂದರು.

ಕಳಿಸದೇ ಇದ್ದರೆ ಗೋಡೆಗೆ ಹಚ್ಚೋ ನೀಲಿ ತಂದಿಟ್ಟಿದ್ದೀನಿ ಅಂದರು ಹೋಟೆಲಮ್ಮ.

ಎಂಜಿನಿಯರು ಜೀಪಿನೊಳಗಿಂದ ತಲೆ ಹೊರಗೆ ಹಾಕಿ ಬಹಳ ವಿನಯದಿಂದ, ಪ್ಯಾನೆಲ್ಲೇ ನೀಲಿ ಇರೋದಲ್ವಾ ಅಮ್ಮ, ನೀಲಿ ಹಚ್ಚಿದರೆ ಯಾರಿಗೂ ಗೊತ್ತಾಗಲ್ಲ ಅಂತ ತಿಳಿಸಿಕೊಟ್ಟರು.

ಹೋಟೆಲಮ್ಮ ಒಂದು ಗಳಿಗೆ ಯೋಚನೆ ಮಾಡಿದರು.

"ಹೌದಲ್ವಾ. ಹಂಗಾದ್ರೆ ಬೀಟ್‌ರೂಟ್ ಪಲ್ಯ ಮಾಡ್ತೀನಿ ಬಿಡಿ."